ಹತ್ತನೇ ಕ್ಲಾಸಿನ ಆಚೆಗೂ ಒಬ್ಬರು ಜೊತೆಗಿರಬೇಕು

ಮೇ ತಿಂಗಳು ಬಂತೆಂದರೆ ಮುಂಬೈನಲ್ಲಿ ಕಟ್ಟಡ ಕೆಲಸ ಮಾಡುವ ನಮ್ಮ ಕನ್ನಡದವರು ಊರಿಗೆ ಹೊರಡುತ್ತಾರೆ. ಯಾದಗಿರಿ, ಕಲಬುರಗಿ, ರಾಯಚೂರಿನ ಕಡೆಯವರು. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮದುವೆ, ಜಾತ್ರೆ, ಹೊಲದ ಪಾಲಿನ ಮಾತು, ಅಜ್ಜಿಯ ಕಣ್ಣಿನ ಆಪರೇಷನ್, ಎಲ್ಲವನ್ನೂ ಆ ತಿಂಗಳಿಗೇ ಕೂಡಿಟ್ಟಿರುತ್ತಾರೆ. ಹತ್ತನೇ ಪರೀಕ್ಷೆ ಬರೆದ ಮಕ್ಕಳೂ ಜೊತೆಗೆ ಹೋಗುತ್ತಾರೆ. ಹೋಗಲೇಬೇಕು, ಅವರನ್ನು ಇಲ್ಲಿ ಯಾರ ಹತ್ತಿರ ಬಿಟ್ಟುಹೋಗುವುದು?

ಅದೇ ಹೊತ್ತಿಗೆ ಇಲ್ಲಿ ಮಹಾರಾಷ್ಟ್ರ ಬೋರ್ಡಿನ ರಿಸಲ್ಟ್ ಬರುತ್ತದೆ. ಹನ್ನೊಂದನೇ ಕ್ಲಾಸು, ಡಿಪ್ಲೊಮಾ, ಐಟಿಐ, ಮೂರಕ್ಕೂ ಆನ್‌ಲೈನ್ ಅರ್ಜಿಗಳು ಶುರುವಾಗುತ್ತವೆ. ಮೂರಕ್ಕೂ ಬೇರೆ ಬೇರೆ ವೆಬ್‌ಸೈಟು, ಬೇರೆ ಬೇರೆ ಕೊನೆಯ ದಿನ. ಮಳೆ ಹಿಡಿದು, ಬಿತ್ತನೆ ಮುಗಿಸಿ ಕುಟುಂಬ ಮುಂಬೈಗೆ ವಾಪಸ್ ಬರುವಾಗ ಸರ್ಕಾರಿ ಪಾಲಿಟೆಕ್ನಿಕ್ಕಿನ ಒಳ್ಳೆಯ ಬ್ರಾಂಚುಗಳೆಲ್ಲ ತುಂಬಿಹೋಗಿರುತ್ತವೆ. ಮಗು 78 ಪರ್ಸೆಂಟ್ ತೆಗೆದುಕೊಂಡಿದೆ. ಆದರೆ ಫಾರ್ಮ್ ತುಂಬಿಲ್ಲ.

ಈ ಮಕ್ಕಳಿಗೆ ಬುದ್ಧಿ ಕಡಿಮೆ, ಓದುವ ಆಸೆ ಕಡಿಮೆ, ಮನೆಯಲ್ಲಿ ಪ್ರೋತ್ಸಾಹ ಇಲ್ಲ ಅಂತ ಹೇಳುವವರನ್ನು ಕಂಡಾಗ ನನಗೆ ಈ ಮೇ ತಿಂಗಳೇ ನೆನಪಾಗುತ್ತದೆ. ನಾನು ನೋಡಿದ ಮಟ್ಟಿಗೆ ಇದು ಯಾವುದೂ ನಿಜವಲ್ಲ. ಇಲ್ಲದಿರುವುದು ದಾರಿ ಗೊತ್ತಿರುವ ಒಬ್ಬ ಮನುಷ್ಯ. "ಈ ಸಲ ಜೂನ್ ಮುಗಿಯುವ ತನಕ ಹುಡುಗಿ ಇಲ್ಲೇ ಇರಲಿ, ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ" ಅಂತ ಹೇಳುವ ಒಬ್ಬರು. ಮಧ್ಯಮ ವರ್ಗದ ಮನೆಯಲ್ಲಿ ಅಂಥವರು ನಾಲ್ಕು ಜನ ಇರುತ್ತಾರೆ. ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯ ಇಂಜಿನಿಯರ್, ಟ್ಯೂಷನ್ ಮೇಷ್ಟ್ರು. ಗೌಂಡಿ (ಗಾರೆ) ಕೆಲಸದವನ ಮನೆಯಲ್ಲಿ ಒಬ್ಬರೂ ಇರುವುದಿಲ್ಲ.

ನಾನು ಠಾಣೆಯ ಕಡೆ ಒಂದು ಡಿಸೈನ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಆಮೇಲೆ ಡಿಗ್ರಿ. ಭಾನುವಾರ ಬೆಳಿಗ್ಗೆ ನಾವು ಕೆಲವರು ಸೇರಿ ಮಕ್ಕಳಿಗೆ ಪಾಠ ಮಾಡುತ್ತೇವೆ. ಎಂಟನೇ ಕ್ಲಾಸಿನಿಂದ ಹಿಡಿದು ಡಿಪ್ಲೊಮಾ ಮೊದಲ ವರ್ಷದವರೆಗಿನ ಮಕ್ಕಳು. ಅಪ್ಪಂದಿರು ಗೌಂಡಿಗಳು, ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಕಡೆ, ನಿಂತು ಕೂಲಿ ಹಿಡಿಯುವವರು, ವಾಚ್‌ಮನ್‌ಗಳು, ಹೋಟೆಲಿನ ಅಡುಗೆಮನೆಯವರು. ಅಮ್ಮಂದಿರಲ್ಲಿ ಹೆಚ್ಚಿನವರು ನಾಲ್ಕೈದು ಮನೆಗಳ ಪಾತ್ರೆ, ಬಟ್ಟೆ, ಕಸ ಮಾಡುವವರು. ಮಕ್ಕಳು ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಮಾತಾಡುತ್ತಾರೆ. ಮುಂಬೈ ಪಾಲಿಕೆಯ ಶಾಲೆಗಳು ಎಂಟು ಭಾಷೆಗಳಲ್ಲಿ ಕಲಿಸುತ್ತವೆ, ಕನ್ನಡವೂ ಅದರಲ್ಲಿ ಒಂದು. ಆದರೆ ಕನ್ನಡ ಶಾಲೆ ಹತ್ತಿರ ಇರಬೇಕಲ್ಲ. ದೂರ ಇದ್ದರೆ ಹತ್ತಿರದ ಮರಾಠಿ ಶಾಲೆಗೆ ಹಾಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಮುಂಬೈ ಕನ್ನಡಿಗರಿಗೆ ಈ ಕೆಲಸ ಹೊಸದಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಉಡುಪಿ, ಮಂಗಳೂರಿನ ಕಡೆಯಿಂದ ಹನ್ನೆರಡು ಹದಿಮೂರರ ವಯಸ್ಸಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ಇಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಹಗಲು ಟೇಬಲ್ ಒರೆಸಿ ರಾತ್ರಿ ಬೆಂಚಿನ ಮೇಲೆ ಕೂತು ಎಸ್ಸೆಸ್ಸಿ (ಇಲ್ಲಿನ ಎಸ್ಸೆಸ್ಸೆಲ್ಸಿ) ಪಾಸು ಮಾಡಿದವರು ಎಷ್ಟೋ ಜನ. ನಮ್ಮ ತಂದೆಯೂ ಅವರಲ್ಲಿ ಒಬ್ಬರು. ಆ ಕಾಲಕ್ಕೆ ರಾತ್ರಿ ಶಾಲೆಯ ಮುಂದೆ ಒಂದು ದಾರಿ ಕಾಣುತ್ತಿತ್ತು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ನಾಲ್ಕೂ ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳು. ಎಸ್ಸೆಸ್ಸಿ ಆದವನಿಗೆ ಟೈಪಿಂಗ್ ಕಲಿಸಿ, ಅರ್ಜಿ ಬರೆಸಿ, ಇಂಟರ್‌ವ್ಯೂಗೆ ಶರ್ಟು ಕೊಡಿಸಿ ಕಳಿಸುವ ಊರಿನ ಹಿರಿಯರು ಇದ್ದರು. ಆ ನಾಲ್ಕರಲ್ಲಿ ಈಗ ಹೆಸರು ಉಳಿದಿರುವುದು ಕೆನರಾ ಒಂದೇ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಹೋದವು. ಬ್ಯಾಂಕುಗಳ ಮಾತು ಹಾಗಿರಲಿ. ನನ್ನ ಗಮನ ಆ ಹಿರಿಯರ ಮೇಲೆ. ಅವರು ಪಾಠ ಮಾತ್ರ ಹೇಳಲಿಲ್ಲ, ಕೆಲಸದ ಬಾಗಿಲ ತನಕ ಜೊತೆಗೆ ನಡೆದರು.

ಇವತ್ತಿನ ಬಡ ಕನ್ನಡ ಮಕ್ಕಳು ಬೇರೆ ಜಿಲ್ಲೆಗಳಿಂದ ಬಂದವರು, ಬೇರೆ ಜಾತಿಗಳವರು. ಮುಂಬೈನ ಕನ್ನಡ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಅವರ ಅಪ್ಪಂದಿರ ಹೆಸರಿಲ್ಲ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ ಮಾಡುತ್ತವೆ. 90 ಪರ್ಸೆಂಟ್ ಮೇಲೆ ತೆಗೆದವರಿಗೆ ಶಾಲು, ಸ್ಮರಣಿಕೆ. ಅದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಮಗುವಿಗೆ ಚಪ್ಪಾಳೆ ಒಳ್ಳೆಯದೇ. ಆದರೆ 90 ತೆಗೆದ ಮಗು ಹೇಗೂ ದಾರಿ ಹುಡುಕಿಕೊಳ್ಳುತ್ತದೆ. 58 ತೆಗೆದು, ಮುಂದೇನು ಅಂತ ಗೊತ್ತಾಗದೆ, ಅಪ್ಪನ ಜೊತೆ ನಾಕಾಕ್ಕೆ ಹೋಗಿ ನಿಲ್ಲುವ ಹುಡುಗನ ಕಡೆ ಆ ಹಣದಲ್ಲಿ ಒಂದು ಪಾಲು ಹೋಗಬೇಕು. ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಅರ್ಜಿ ಹಾಕಲು ಹತ್ತನೆಯಲ್ಲಿ 35 ಪರ್ಸೆಂಟ್ ಇದ್ದರೆ ಸಾಕು ಅನ್ನುವುದೇ ಅವನಿಗೆ ಗೊತ್ತಿಲ್ಲ. ಒಳ್ಳೆಯ ಬ್ರಾಂಚು ಸಿಗದಿರಬಹುದು. ಆದರೆ ಬಾಗಿಲು ಮುಚ್ಚಿಲ್ಲ, ಐಟಿಐ ಅಂತೂ ಇದ್ದೇ ಇದೆ.

ನಾವು ಎಂಟನೇ ಕ್ಲಾಸಿನಿಂದಲೇ ಮಕ್ಕಳನ್ನು ಸೇರಿಸಿಕೊಳ್ಳುವುದಕ್ಕೆ ಕಾರಣ ಇದೆ. ಶಿಕ್ಷಣ ಹಕ್ಕಿನ ಕಾಯ್ದೆ ನಡೆಯುವುದು ಎಂಟನೆಯ ತನಕ. ಖಾಸಗಿ ಶಾಲೆಯ 25 ಪರ್ಸೆಂಟ್ ಉಚಿತ ಸೀಟಿನಲ್ಲಿ ಓದಿದ ಮಗುವಿಗೆ ಒಂಬತ್ತನೆಯಲ್ಲಿ ಒಮ್ಮೆಲೇ ಫೀ ಚೀಟಿ ಕೈಗೆ ಬರುತ್ತದೆ. ಪಾಲಿಕೆಯ ಶಾಲೆ ಏಳಕ್ಕೋ ಎಂಟಕ್ಕೋ ಮುಗಿದರೆ ಹೈಸ್ಕೂಲಿಗೆ ಬೇರೆ ಶಾಲೆ ಹುಡುಕಬೇಕು, ರೈಲು ಹತ್ತಬೇಕು. ಹುಡುಗಿಯರು ಮನೆಯಲ್ಲಿ ಉಳಿಯುವುದು ಹೆಚ್ಚಾಗಿ ಇಲ್ಲೇ. ಎಂಟನೆಯಲ್ಲಿ ಎನ್‌ಎಂಎಂಎಸ್ ಅಂತ ಒಂದು ಕೇಂದ್ರ ಸರ್ಕಾರದ ಪರೀಕ್ಷೆ ಇದೆ. ಸರ್ಕಾರಿ, ಪಾಲಿಕೆ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ದೊಡ್ಡ ಮೊತ್ತ ಅಲ್ಲ. ಆದರೆ "ಇಕಿ ಓದಿದ್ರ ರೊಕ್ಕ ಬರ್ತದ" ಅನ್ನುವ ಮಾತು ಮನೆಯಲ್ಲಿ ಹುಟ್ಟುತ್ತದೆ. ಮದುವೆಯ ಮಾತು ಎರಡು ವರ್ಷ ಮುಂದೆ ಹೋಗುತ್ತದೆ. ಎರಡು ವರ್ಷ ಸಿಕ್ಕರೆ ಹತ್ತನೇ ಕ್ಲಾಸು ಮುಗಿಯುತ್ತದೆ.

ಇನ್ನು ಕಾಗದ ಪತ್ರದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಗಣಿತ, ಸೈನ್ಸಿಗಿಂತ ಜಾಸ್ತಿ ಮಕ್ಕಳು ನಿಂತುಹೋಗುವುದು ಇಲ್ಲೇ.

ಮೊದಲು ಹುಟ್ಟಿದ ಊರು. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುವುದು ಪದ್ಧತಿ, ಅಲ್ವಾ? ಗಂಡ ಹೆಂಡತಿ ಇಪ್ಪತ್ತು ವರ್ಷದಿಂದ ಮಲಾಡಿನಲ್ಲೋ ಕಾಂದಿವಲಿಯಲ್ಲೋ ಇದ್ದಾರೆ. ಆದರೆ ಮಗು ಹುಟ್ಟಿದ್ದು ಸುರಪುರದ ಹತ್ತಿರ ಅಜ್ಜಿಯ ಮನೆಯಲ್ಲಿ. ಮೂರು ತಿಂಗಳ ಕೂಸಾಗಿದ್ದಾಗ ಮುಂಬೈಗೆ ಬಂದಿದೆ, ಇಲ್ಲೇ ಬೆಳೆದಿದೆ, ಇಲ್ಲೇ ಓದಿದೆ. ಶಾಲೆಯ ದಾಖಲೆಯಲ್ಲಿ ಜನ್ಮಸ್ಥಳ ಕರ್ನಾಟಕ. ಹಾಗಾಗಿ ಡೊಮಿಸೈಲ್ ಸರ್ಟಿಫಿಕೇಟ್ (ಈ ರಾಜ್ಯದ ನಿವಾಸಿ ಅನ್ನುವ ಪತ್ರ) ಬೇಕಾದರೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸ ಇದ್ದುದಕ್ಕೆ ಪುರಾವೆ ಕೊಡಬೇಕು. ಸೈಟಿನಿಂದ ಸೈಟಿಗೆ, ಝೋಪಡಿಯಿಂದ ಝೋಪಡಿಗೆ ಹೋದವರ ಹತ್ತಿರ 15 ವರ್ಷದ ಪುರಾವೆ ಎಲ್ಲಿಂದ ಬರಬೇಕು? ಹಳೆಯ ರೇಷನ್ ಕಾರ್ಡು, ಲೈಟ್ ಬಿಲ್ಲು, ಮೊದಲನೇ ಕ್ಲಾಸಿನಿಂದ ಶಾಲೆಯ ದಾಖಲೆ, ಲಸಿಕೆ ಹಾಕಿಸಿದ ಕಾರ್ಡು, ಒಂದೊಂದನ್ನೇ ಹುಡುಕಿ ಜೋಡಿಸಬೇಕು. ಇದು ಒಂದು ವಾರದ ಕೆಲಸ ಅಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಶುರು ಮಾಡಿದರೆ ಹತ್ತು ಮುಗಿಯುವಷ್ಟರಲ್ಲಿ ಕೈಗೆ ಬರುತ್ತದೆ.

ಎರಡನೆಯದು ಹೆಸರು. ಮಹಾರಾಷ್ಟ್ರದಲ್ಲಿ ಹೆಸರೆಂದರೆ ಮೂರು ಭಾಗ: ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ನಮ್ಮವರಲ್ಲಿ ಎಷ್ಟೋ ಜನಕ್ಕೆ ಅಡ್ಡಹೆಸರು ಬಳಸಿಯೇ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಗುಮಾಸ್ತರು ಕೇಳಿದ್ದಕ್ಕೆ ಅಪ್ಪ ಏನೋ ಒಂದು ಹೇಳಿರುತ್ತಾನೆ. ಊರಿನ ಹೆಸರೋ, ಜಾತಿಯ ಹೆಸರೋ, ತಾತನ ಹೆಸರೋ. ಆಧಾರದಲ್ಲಿ ಅದು ಇರುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೂರನೆಯ ತರಹ ಇರುತ್ತದೆ. ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲಿನಿಂದ ಬರುವ ಸ್ಕಾಲರ್‌ಶಿಪ್ ಹಣ ಆಧಾರ್ ಜೋಡಿಸಿದ ಖಾತೆಗೇ ಬೀಳಬೇಕು. ಒಂದು ಅಕ್ಷರ ಆಚೀಚೆ ಆದರೂ ತೊಂದರೆ. ಶಾಲೆಯ ರಿಜಿಸ್ಟರಿನಲ್ಲಿ ಹೆಸರು ತಿದ್ದಿಸಬೇಕಿದ್ದರೆ ಹತ್ತನೆಯ ಬೋರ್ಡಿನ ಫಾರ್ಮ್ ತುಂಬುವ ಮುಂಚೆಯೇ ತಿದ್ದಿಸಿ. ಮಾರ್ಕ್ಸ್ ಕಾರ್ಡ್ ಅಚ್ಚಾದ ಮೇಲೆ ಅದೇ ಕೆಲಸಕ್ಕೆ ಹತ್ತು ಪಟ್ಟು ಅಲೆದಾಟ. ಇಷ್ಟು ಸಣ್ಣ ವಿಷಯವನ್ನು ಎಂಟನೇ ಕ್ಲಾಸಿನಲ್ಲಿ ಯಾರಾದರೂ ಕೂರಿಸಿಕೊಂಡು ನೋಡಿದರೆ ಅರ್ಧ ಗಂಟೆಯ ಕೆಲಸ. ಆಧಾರ್, ಶಾಲೆಯ ಕಾಗದ, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಆಯ್ತು.

ಮೂರನೆಯದು ಜಾತಿ ಪ್ರಮಾಣಪತ್ರ. ಇದರಲ್ಲಿ ಮನಸ್ಸಿಗೆ ನೋವಾಗುವಂಥದ್ದು ಜಾಸ್ತಿ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಅದೇ ಜನ ಬಂಜಾರರು ಅಂತ ವಿಮುಕ್ತ ಜಾತಿ ಅನ್ನುವ ಬೇರೆ ಪಟ್ಟಿಯಲ್ಲಿದ್ದಾರೆ. ವಡ್ಡರದ್ದೂ ಹಾಗೇ, ಅಲ್ಲಿ ಪರಿಶಿಷ್ಟ ಜಾತಿ, ಇಲ್ಲಿ ವಿಮುಕ್ತ ಜಾತಿ. ಹಾಗಾದರೆ ಇಲ್ಲಿನ ಪಟ್ಟಿಯಲ್ಲಾದರೂ ಮಗುವಿಗೆ ಜಾಗ ಸಿಗುತ್ತದೆಯೇ? ಅದಕ್ಕೆ ಕುಟುಂಬ ಒಂದು ನಿಗದಿಯಾದ ದಿನಾಂಕದಂದು ಮಹಾರಾಷ್ಟ್ರದಲ್ಲಿ ವಾಸವಿತ್ತು ಅಂತ ತೋರಿಸಬೇಕು. ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ವಿಮುಕ್ತ ಜಾತಿ ಮತ್ತು ಅಲೆಮಾರಿಗಳಿಗೆ 21 ನವೆಂಬರ್ 1961, ಒಬಿಸಿಗೆ 13 ಅಕ್ಟೋಬರ್ 1967. ಆದರೆ ಮಗುವಿನ ಅಪ್ಪ ಇಲ್ಲಿಗೆ ಬಂದದ್ದೇ 2004ರಲ್ಲಿ. 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದೇ ವಿಷಯದಲ್ಲಿ ತೀರ್ಪು ಕೊಟ್ಟಿದೆ. ಆ ಕೇಸು ಹುಟ್ಟಿದ್ದು ನಮ್ಮ ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಸೀಟಿನಿಂದ. ಒಂದು ರಾಜ್ಯದಲ್ಲಿ ಪರಿಶಿಷ್ಟ ಅಂತ ಇದ್ದವರು ಬೇರೆ ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿನ ಮೀಸಲಾತಿ ಕೇಳುವಂತಿಲ್ಲ ಅಂತ ತೀರ್ಮಾನವಾಯಿತು.

ಕಾನೂನಿನ ಲೆಕ್ಕ ಏನೇ ಇರಲಿ. ತಾಂಡಾದಿಂದ ಬಂದು ಮುಂಬೈನ ಗಗನಚುಂಬಿ ಕಟ್ಟಡಗಳಿಗೆ ಸಿಮೆಂಟು ಹೊತ್ತವನ ಮಗ ಇಲ್ಲಿ ಓಪನ್ ಕೆಟಗರಿಯಲ್ಲಿ ನಿಲ್ಲುತ್ತಾನೆ, ಕೋಚಿಂಗಿಗೆ ಲಕ್ಷಗಟ್ಟಲೆ ಕೊಟ್ಟವರ ಮಕ್ಕಳ ಜೊತೆ. ಇದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ಆದರೆ ಅನ್ಯಾಯ ಅಂತ ಹೇಳಿ ಕೂತರೆ ಆ ವರ್ಷದ ಮಗುವಿಗೆ ಏನೂ ಸಿಗುವುದಿಲ್ಲ. ಬೇರೆ ಬಾಗಿಲು ತಟ್ಟಬೇಕು. ಟ್ಯೂಷನ್ ಫೀ ವೇವರ್ (ಫೀ ಮಾಫಿ) ಸ್ಕೀಮ್ ಅಂತ ಒಂದಿದೆ. ಪ್ರತಿ ಕೋರ್ಸಿನಲ್ಲಿ 5 ಪರ್ಸೆಂಟ್ ಹೆಚ್ಚುವರಿ ಸೀಟುಗಳು, ವರಮಾನ 8 ಲಕ್ಷದೊಳಗಿದ್ದವರಿಗೆ. ಅಲ್ಲಿ ಜಾತಿ ಕೇಳುವುದಿಲ್ಲ. ಹುಡುಗಿಯರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆಯಾದ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಇದೆ. ಡಿಪ್ಲೊಮಾಕ್ಕೂ ಡಿಗ್ರಿಗೂ ವರ್ಷಕ್ಕೆ 50,000 ರೂಪಾಯಿ, ಒಂದೇ ಮನೆಯ ಇಬ್ಬರು ಹುಡುಗಿಯರ ತನಕ. 2024-25ರಿಂದ ಮಹಾರಾಷ್ಟ್ರ ಸರ್ಕಾರ ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗದ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳ ಟ್ಯೂಷನ್ ಫೀ ಪೂರ್ತಿ ಮಾಫಿ ಮಾಡಿದೆ, ಮೊದಲು ಅರ್ಧ ಇತ್ತು. ಇವೆಲ್ಲಕ್ಕೂ ತಹಸೀಲ್ದಾರರ ವರಮಾನ ಪ್ರಮಾಣಪತ್ರ ಬೇಕು. ನಾಕಾದ ಕೂಲಿಗೆ ಸಂಬಳದ ಚೀಟಿ ಯಾರು ಕೊಡುತ್ತಾರೆ? ಅದಕ್ಕೂ ಓಡಾಡಬೇಕು. ಒಂದು ದಿನ ಆಫೀಸಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಮೂರು ಸಲ ಬಾ ಅಂದರೆ ಮೂರು ದಿನದ ಕೂಲಿ. ಅದಕ್ಕೇ ಎಷ್ಟೋ ಅಪ್ಪಂದಿರು ಎರಡನೇ ಸಲ ಹೋಗುವುದಿಲ್ಲ. ಅದನ್ನು ಅಸಡ್ಡೆ ಅಂತ ಕರೆಯಬಾರದು.

ಈಗ ಹತ್ತರ ನಂತರ ಯಾವ ದಾರಿ ಅನ್ನುವ ಪ್ರಶ್ನೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇಂಜಿನಿಯರಿಂಗ್ ಕಡೆ ಮನಸ್ಸಿರುವ, ಮನೆಯಲ್ಲಿ ಹಣವಿಲ್ಲದ ಮಗುವಿಗೆ ಹನ್ನೊಂದನೇ ಸೈನ್ಸಿಗಿಂತ ಡಿಪ್ಲೊಮಾ ಒಳ್ಳೆಯದು. ಹನ್ನೊಂದು, ಹನ್ನೆರಡು ಮುಗಿಸಿ ಮಹಾರಾಷ್ಟ್ರದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ, ಎಂಎಚ್‌ಟಿ ಸಿಇಟಿ ಬರೆಯಬೇಕು. 200 ಮಾರ್ಕಿನ ಪರೀಕ್ಷೆ, ಅದರಲ್ಲಿ 100 ಬರೀ ಗಣಿತದ್ದು, 50 ಪ್ರಶ್ನೆಗೆ ಎರಡೆರಡು ಮಾರ್ಕು. ತಪ್ಪು ಉತ್ತರಕ್ಕೆ ಮಾರ್ಕು ಕಳೆಯುವುದಿಲ್ಲ, ಹೆಚ್ಚಿನ ಪ್ರಶ್ನೆಗಳು ಹನ್ನೆರಡನೆಯ ಪಾಠದಿಂದಲೇ ಬರುತ್ತವೆ. ಕೇಳಲು ಕಷ್ಟ ಅನ್ನಿಸುವುದಿಲ್ಲ. ಆದರೆ ಗಡಿಯಾರದ ವಿರುದ್ಧ ಲೆಕ್ಕ ಬಿಡಿಸುವ ಅಭ್ಯಾಸ ಬೇಕು, ಅದನ್ನು ಮುಂಬೈನಲ್ಲಿ ಕೋಚಿಂಗ್ ಕ್ಲಾಸುಗಳು ಮಾರುತ್ತವೆ. ಕೊಳ್ಳಲಾಗದವರು ಹಿಂದೆ ಉಳಿಯುತ್ತಾರೆ. ಸಿಇಟಿಯಲ್ಲಿ ಮಾರ್ಕು ಬರದಿದ್ದರೆ ಕೈಯಲ್ಲಿ ಹನ್ನೆರಡನೆಯ ಸರ್ಟಿಫಿಕೇಟ್ ಒಂದೇ. ಅದಕ್ಕೆ ಯಾರೂ ಕೆಲಸ ಕೊಡುವುದಿಲ್ಲ.

ಡಿಪ್ಲೊಮಾ ಹಾಗಲ್ಲ. ಹತ್ತನೆಯ ಮಾರ್ಕಿನ ಮೇಲೆ ಸೀಟು. ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಫೀ ವರ್ಷಕ್ಕೆ ಕೆಲವೇ ಸಾವಿರ. ಮೂರು ವರ್ಷಕ್ಕೆ ಹತ್ತೊಂಬತ್ತರ ವಯಸ್ಸಿನಲ್ಲಿ ಕೆಲಸಕ್ಕೆ ನಿಲ್ಲಬಹುದು. ಓದಬೇಕು ಅನ್ನಿಸಿದರೆ ಸಿಇಟಿ ಇಲ್ಲದೆ, ಡಿಪ್ಲೊಮಾ ಮಾರ್ಕಿನ ಮೇಲೇ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಎರಡು ವರ್ಷದ ಐಟಿಐ ಟ್ರೇಡು ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಬರಬಹುದು. ಅಂದರೆ ಫಿಟರ್ ಟ್ರೇಡಿಗೆ ಸೇರಿದ ಹುಡುಗ ಕೂಡ ಒಂದೊಂದೇ ಮೆಟ್ಟಿಲು ಹತ್ತಿ ಬಿ.ಇ. ಮಾಡಬಹುದು. ನಡುವೆ ಎಲ್ಲಿ ನಿಲ್ಲಿಸಿದರೂ ಕೈಯಲ್ಲಿ ಒಂದು ಕಸುಬು ಇರುತ್ತದೆ. ಮಜಗಾಂವ್ ಡಾಕ್‌ನಂಥ ಕಡೆ ಎಂಟನೇ ಪಾಸು, ಹತ್ತನೇ ಪಾಸು, ಐಟಿಐ ಪಾಸಾದವರಿಗೆ ಬೇರೆ ಬೇರೆಯಾಗಿ ಅಪ್ರೆಂಟಿಸ್ ಆಯ್ಕೆ ನಡೆಯುತ್ತದೆ. ತಿಂಗಳಿಗೆ ಸ್ಟೈಪೆಂಡ್ ಕೊಟ್ಟು ಹಡಗು ಕಟ್ಟುವ ಕೆಲಸ ಕಲಿಸುತ್ತಾರೆ. ಐಟಿಐ ಅಂದರೆ ಮಾರ್ಕು ಬರದವರ ಜಾಗ ಅನ್ನುವ ಮಾತು ನಮ್ಮ ಮನೆಗಳಲ್ಲಿ ಹೋಗಬೇಕು.

ಸೀಟು ಹಂಚುವ ಸುತ್ತುಗಳಲ್ಲಿ ಕಾಲೇಜಿನ ಆಯ್ಕೆಗಳನ್ನು ಬರೆಯುವಾಗ ಒಂದು ಎಚ್ಚರ. ಮೊದಲನೆಯದಾಗಿ ಬರೆದ ಕಾಲೇಜೇ ಸಿಕ್ಕಿಬಿಟ್ಟರೆ ಅದನ್ನೇ ತೆಗೆದುಕೊಳ್ಳಬೇಕು, ಮುಂದಿನ ಸುತ್ತಿಗೆ ಹೋಗಲಾಗುವುದಿಲ್ಲ. ಸೈಬರ್ ಕೆಫೆಯವನು ಅವಸರದಲ್ಲಿ ಯಾವುದೋ ದೂರದ ಖಾಸಗಿ ಕಾಲೇಜನ್ನು ಮೊದಲು ಹಾಕಿದರೆ ಮುಗಿಯಿತು. ಹುಡುಗರು ಅವನ ಪಕ್ಕ ನಿಂತು ತಲೆಯಾಡಿಸುತ್ತಾರೆ. ಅದಕ್ಕೇ ನಾವು ಆಯ್ಕೆಯ ಪಟ್ಟಿಯನ್ನು ಮೊದಲು ಹಾಳೆಯ ಮೇಲೆ ಬರೆಸುತ್ತೇವೆ. ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಹೋಗಲು ಎಷ್ಟು ಹೊತ್ತು, ಫೀ ಎಷ್ಟು, ಎಲ್ಲ ಪಕ್ಕದಲ್ಲಿ. ಆಮೇಲೆ ಕಂಪ್ಯೂಟರಿನ ಮುಂದೆ ಕೂರುವುದು.

ಮಾಟುಂಗಾದ ವಿಜೆಟಿಐ 1887ರಲ್ಲಿ ಶುರುವಾದ ಕಾಲೇಜು. ಅಲ್ಲಿ ಡಿಗ್ರಿಯ ಜೊತೆ ಡಿಪ್ಲೊಮಾ ಕೋರ್ಸುಗಳೂ ಇವೆ. ಅದರ ಗೋಡೆಯ ಪಕ್ಕದಲ್ಲೇ ದಿನಾ ಓಡಾಡುವ ಮಕ್ಕಳು ಅದರೊಳಗೆ ತಮ್ಮಂಥವರಿಗೂ ಸೀಟಿದೆ ಅಂತ ಯೋಚಿಸಿಯೇ ಇರುವುದಿಲ್ಲ. ಸುಮ್ನೆ ಒಂದು ಸಲ ಗೇಟಿನ ತನಕ ಕರೆದುಕೊಂಡು ಹೋಗಿ ತೋರಿಸಿದರೂ ಆಗುತ್ತದೆ. ಅಲ್ಲೇ ಹತ್ತಿರ, ಮಾಟುಂಗಾದ ಕರ್ನಾಟಕ ಸಂಘದ ಸಭಾಂಗಣಕ್ಕೆ ವಿಶ್ವೇಶ್ವರಯ್ಯನವರ ಹೆಸರಿದೆ. ಅವರ ಹೆಸರನ್ನು ಎಲ್ಲ ಮಕ್ಕಳೂ ಕೇಳಿರುತ್ತಾರೆ. ಅವರು ಚಿಕ್ಕವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದರು, ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟಿದ್ದರಿಂದಲೇ ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಬಂದು 1883ರಲ್ಲಿ ಇಂಜಿನಿಯರಿಂಗ್ ಮುಗಿಸಿದರು. ನಾನು ಮಕ್ಕಳಿಗೆ ಕೆಆರ್‌ಎಸ್ ಕಟ್ಟಿದ ಕಥೆಗಿಂತ ಈ ಸ್ಕಾಲರ್‌ಶಿಪ್ಪಿನ ಕಥೆಯನ್ನೇ ಜಾಸ್ತಿ ಹೇಳುತ್ತೇನೆ.

ಸೀಟು ಸಿಕ್ಕಿತು, ಪೇಡೆ ಹಂಚಿಯಾಯಿತು. ನಿಜವಾದ ಪರೀಕ್ಷೆ ಆಮೇಲಿನ ಆರು ತಿಂಗಳು. ಮೊದಲ ಸೆಮಿಸ್ಟರಿನಲ್ಲಿ ಬಿಟ್ಟುಹೋಗುವ ಮಕ್ಕಳನ್ನು ನೋಡಿದರೆ ನನಗೆ ತುಂಬ ಸಂಕಟವಾಗುತ್ತದೆ, ಯಾಕೆಂದರೆ ಅಷ್ಟು ದೂರ ಬಂದವರು ಅವರು. ಮರಾಠಿಯಲ್ಲೋ ಕನ್ನಡದಲ್ಲೋ ಹತ್ತು ವರ್ಷ ಓದಿದ ಮಗುವಿಗೆ ಪಾಲಿಟೆಕ್ನಿಕ್ಕಿನಲ್ಲಿ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ವಿದ್ಯುತ್ತಿನ ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತದೆ. ಪ್ರಶ್ನೆ ಏನು ಕೇಳಿದೆ ಅಂತ ಗೊತ್ತಾಗುವುದಿಲ್ಲ. ಕ್ಲಾಸಿನಲ್ಲಿ ಎದ್ದುನಿಂತು ಕೇಳಲು ನಾಚಿಕೆ. ಹಿಂದಿನ ಬೆಂಚಿಗೆ ಹೋಗುತ್ತಾನೆ. ಒಂದು ಟೆಸ್ಟಿನಲ್ಲಿ ಫೇಲಾಗುತ್ತಾನೆ. "ನನಗೆ ಇದು ಆಗುವುದಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾನೆ. ಇದಕ್ಕೆ ಮದ್ದು ಇಂಗ್ಲಿಷ್ ಸ್ಪೀಕಿಂಗ್ ಕ್ಲಾಸು ಅಲ್ಲ. ಒಂಬತ್ತನೆಯಿಂದಲೇ ಗಣಿತ ಮತ್ತು ಸೈನ್ಸಿನ ಅದೇ ಪಾಠವನ್ನು ಎರಡೂ ಭಾಷೆಯಲ್ಲಿ ಓದಿಸಬೇಕು. ಮೊದಲು ಗೊತ್ತಿರುವ ಭಾಷೆಯಲ್ಲಿ ವಿಷಯ ತಿಳಿಯಲಿ, ಆಮೇಲೆ ಅದೇ ಲೆಕ್ಕದ ಇಂಗ್ಲಿಷ್ ಪ್ರಶ್ನೆ ಓದಲಿ. ನಾವು ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ಬರೀ ಪ್ರಶ್ನೆ ಓದುವುದನ್ನೇ ಅಭ್ಯಾಸ ಮಾಡಿಸುತ್ತೇವೆ. ಉತ್ತರ ಬರೆಯುವುದು ಬೇಡ, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಹೇಳು, ಅಷ್ಟೇ.

ಇನ್ನೊಂದು ಇಂಜಿನಿಯರಿಂಗ್ ಡ್ರಾಯಿಂಗ್. ಮನೆಯಲ್ಲಿ ಟೇಬಲ್ ಇಲ್ಲದ ಮಕ್ಕಳಿಗೆ ಅದು ದೊಡ್ಡ ಕಂಟಕ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಖೋಲಿಯಲ್ಲಿ ಐದು ಜನ. ಡ್ರಾಯಿಂಗ್ ಬೋರ್ಡು ಇಡುವುದೆಲ್ಲಿ? ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿಯ ಮನೆಗೆ ಹೋಗಿದ್ದೆ. ಸಿವಿಲ್ ಡಿಪ್ಲೊಮಾ ಮೊದಲ ವರ್ಷ. ಎರಡು ವಾರದಿಂದ ಭಾನುವಾರ ಬಂದಿರಲಿಲ್ಲ. ಅವಳು ಅಕ್ಕಿಯ ಡಬ್ಬಿಯ ಮೇಲೆ ಬೋರ್ಡು ಇಟ್ಟುಕೊಂಡು, ಬರೆದದ್ದನ್ನೇ ಅಳಿಸಿ ಅಳಿಸಿ ಹಾಳೆಯನ್ನು ತೂತು ಮಾಡಿದ್ದಳು. "ಟೀಚರ್, ಇದು ನನ್ನ ತಲೆಗೆ ಹೋಗುವುದಿಲ್ಲ" ಅಂದಳು. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೆ ಅಂತ ಮೂರು ಚಿತ್ರ ಬರೆಯುವ ಪಾಠ ಅದು.

ನಾನು ಅವರ ಮನೆಯ ಬಟ್ಟೆ ಸೋಪು ಕೇಳಿ ತೆಗೆದುಕೊಂಡೆ. ಚಾಕುವಿನಿಂದ ಒಂದು ಮೂಲೆ ಕತ್ತರಿಸಿ ಮೆಟ್ಟಿಲಿನ ಆಕಾರ ಮಾಡಿ ಮುಂದಿಟ್ಟೆ. ಎದುರಿನಿಂದ ನೋಡಿದರೆ ಮೆಟ್ಟಿಲು ಕಾಣುತ್ತದೆ. ಮೇಲಿನಿಂದ ನೋಡಿದರೆ ಬರೀ ಆಯತ, ನಡುವೆ ಒಂದು ಗೆರೆ. ಎತ್ತರದ ಪಕ್ಕದಿಂದ ನೋಡಿದರೆ ಆ ಮೆಟ್ಟಿಲು ಕಾಣುವುದೇ ಇಲ್ಲ, ಆದರೆ ಇದೆ, ಅದನ್ನು ತುಂಡು ಗೆರೆಯಲ್ಲಿ ತೋರಿಸಬೇಕು. ಹುಡುಗಿ ಇನ್ನೂ ಅನುಮಾನದಲ್ಲೇ ಇದ್ದಳು. ಬಾಗಿಲ ಹತ್ತಿರ ಕೂತು ಚಹಾ ಕುಡಿಯುತ್ತಿದ್ದ ಅವಳ ಅಪ್ಪ ಎದ್ದು ಬಂದರು. ಗೌಂಡಿ ಕೆಲಸ, ಓದಿದ್ದು ನಾಲ್ಕನೇ ಕ್ಲಾಸು. ಸೋಪನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಇದು ನಮ್ಮ ಸೈಟಿನ ನಕ್ಷಾದಂಗೇ ಅದಲ್ಲವಾ! ಮ್ಯಾಲಿಂದ ನೋಡಿದ್ರ ಪ್ಲ್ಯಾನು. ಮುಂದಿಂದ ನೋಡಿದ್ರ ಎಲಿವೇಶನ್ನು. ಕಾಲಮ್ಮಿನ ಒಳಗ ಸರಳ ಇರ್ತಾವ, ಕಣ್ಣಿಗಿ ಕಾಣಲ್ಲ, ನಕ್ಷಾದಾಗ ಹಿಂಗ ತುಂಡ್ ತುಂಡ್ ಗೀಟ್ ಹೊಡದಿರ್ತಾರ. ನಾ ದಿನಾ ನೋಡ್ತೀನಿ."

ನಾನು ಸುಮ್ಮನೆ ಪಕ್ಕಕ್ಕೆ ಸರಿದು ಕೂತೆ. ಮುಂದಿನ ಒಂದು ಗಂಟೆ ಪಾಠ ಮಾಡಿದ್ದು ಅವರೇ. ಮೆಟ್ಟಿಲು, ಬೀಮು, ಕಿಟಕಿಯ ಲಿಂಟಲ್ಲು, ಒಂದೊಂದನ್ನೂ ಬೆರಳಿನಿಂದ ನೆಲದ ಮೇಲೆ ಬರೆದು ತೋರಿಸಿದರು. ಮಗಳು ಹಾಳೆಯ ಮೇಲೆ ಬರೆದಳು. ಅಪ್ಪ ಇಷ್ಟು ವರ್ಷ ಮಾಡಿದ್ದು ತನ್ನ ಪುಸ್ತಕದಲ್ಲಿರುವ ಕೆಲಸವೇ ಅಂತ ಅವಳಿಗೆ ಅವತ್ತೇ ಗೊತ್ತಾದದ್ದು. ಅಪ್ಪನಿಗೂ ಅವತ್ತೇ ಗೊತ್ತಾಯಿತು. ಮೊದಲ ಸೆಮಿಸ್ಟರಿನಲ್ಲಿ ಡ್ರಾಯಿಂಗ್ ಪಾಸಾದಳು, ಗಣಿತ ಉಳಿಯಿತು, ಅದನ್ನು ಎರಡನೆಯ ಸಲ ಬರೆದು ಮುಗಿಸಿದಳು.

ಆ ಮನೆಯಿಂದ ಬಂದ ಮೇಲೆ ನಮ್ಮ ಕ್ಲಾಸಿನಲ್ಲಿ ಒಂದು ಬದಲಾವಣೆ ಮಾಡಿದೆವು. ಅಪ್ಪ ಅಮ್ಮಂದಿರನ್ನು ಬರೀ ಸಹಿ ಹಾಕಲು ಕರೆಯುವುದನ್ನು ಬಿಟ್ಟೆವು. ಎಲೆಕ್ಟ್ರಿಷಿಯನ್ ಕೈಕೆಳಗೆ ಹೆಲ್ಪರ್ ಆಗಿರುವ ಅಪ್ಪ ಸ್ವಿಚ್ ಬೋರ್ಡು ಬಿಚ್ಚಿ ತೋರಿಸುತ್ತಾನೆ. ಪ್ಲಂಬಿಂಗ್ ಗೊತ್ತಿರುವ ಚಿಕ್ಕಪ್ಪ ಪೈಪಿನ ಅಳತೆ, ಒತ್ತಡದ ಬಗ್ಗೆ ಹೇಳುತ್ತಾನೆ. ಒಬ್ಬ ತಾಯಿ ಬಂದು "ನಂಗೇನ್ ಬರ್ತದರಿ ಅಕ್ಕಾರ" ಅಂದರು. ಅವರು ಐದು ಮನೆಗಳ ಕೆಲಸದ ಹೊತ್ತು, ರಜೆ, ಸಂಬಳದ ಲೆಕ್ಕವನ್ನು ಒಂದು ಅಕ್ಷರ ಬರೆಯದೆ ತಲೆಯಲ್ಲಿ ಇಟ್ಟುಕೊಂಡವರು. ಅವರ ಲೆಕ್ಕವನ್ನೇ ಮಕ್ಕಳಿಗೆ ಸ್ಪ್ರೆಡ್‌ಶೀಟಿನಲ್ಲಿ ಹಾಕಲು ಕೊಟ್ಟೆವು. ತಾಯಿ ಪಕ್ಕದಲ್ಲಿ ಕೂತು ತಪ್ಪು ಹುಡುಕಿದರು.

ಹಣದ ಬಗ್ಗೆ ಒಂದು ಮಾತು. ಫೀ ಮಾಫಿ ಆದರೂ ಖರ್ಚು ಮಾಫಿ ಆಗುವುದಿಲ್ಲ. ರೈಲಿನ ಪಾಸು, ಮಿನಿ ಡ್ರಾಫ್ಟರು (ನಕ್ಷೆ ಬರೆಯುವ ಸಾಧನ), ವರ್ಕ್‌ಶಾಪಿನ ಬೂಟು, ಏಪ್ರನ್ನು, ಜೆರಾಕ್ಸು, ಮಧ್ಯಾಹ್ನದ ವಡಾಪಾವ್. ಸ್ಕಾಲರ್‌ಶಿಪ್ ಹಣ ಬರುವುದು ವರ್ಷದ ಕೊನೆಗೆ, ಖರ್ಚು ಬರುವುದು ಜುಲೈನಲ್ಲಿ. ಹಾಗಾಗಿ ಸಹಾಯ ಮಾಡುವವರು ದೊಡ್ಡ ಮೊತ್ತವನ್ನು ಫೀಗೆ ಕೊಡುವುದಕ್ಕಿಂತ ಈ ಸಣ್ಣ ಖರ್ಚುಗಳನ್ನು ಹೊತ್ತುಕೊಂಡರೆ ಜಾಸ್ತಿ ಉಪಯೋಗ. ಬೂಟು ಇಲ್ಲ ಅಂತ ವರ್ಕ್‌ಶಾಪಿಗೆ ಬಿಡದೆ, ಹಾಜರಾತಿ ಕಡಿಮೆಯಾಗಿ, ಪರೀಕ್ಷೆಗೆ ಕೂರಿಸದೆ ಹೋದ ಹುಡುಗನನ್ನು ನಾನು ಬಲ್ಲೆ. ಮುಗಿದವರ ಡ್ರಾಫ್ಟರು, ಬೋರ್ಡುಗಳನ್ನು ತಂದಿಟ್ಟುಕೊಂಡು ಹೊಸಬರಿಗೆ ಕೊಡುವ ಒಂದು ಕಪಾಟು ಮಾಡಿದ್ದೇವೆ. ಅದು ಯಾವಾಗಲೂ ಖಾಲಿಯೇ ಇರುತ್ತದೆ, ಅಂದರೆ ಎಲ್ಲವೂ ಯಾರದೋ ಕೈಯಲ್ಲಿದೆ.

ಈ ವರ್ಷ ಎಂಟನೆಯವರಲ್ಲಿ ಹುಡುಗಿಯರೇ ಜಾಸ್ತಿ ಬಂದಿದ್ದಾರೆ. ಅವರ ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಶುರುವಾಗಿದೆ. ನಮಗೆ ಈಗ ಮುಖ್ಯವಾಗಿ ಬೇಕಾಗಿರುವುದು ಇಬ್ಬರು ಮೂವರು ಮನುಷ್ಯರು. ಹತ್ತನೆಯ ಬೀಜಗಣಿತ, ರೇಖಾಗಣಿತ ಬರುವವರು. ತಹಸೀಲ್ದಾರ್ ಆಫೀಸಿನಲ್ಲಿ ಸಾಲಿನಲ್ಲಿ ನಿಲ್ಲುವ ತಾಳ್ಮೆ ಇರುವ, ಮರಾಠಿ ಚೆನ್ನಾಗಿ ಬರುವ ನಿವೃತ್ತರು. ಮೇ ಮತ್ತು ಜೂನಿನಲ್ಲಿ ಒಂದು ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬಲ್ಲ ಕುಟುಂಬಗಳು ಸಿಕ್ಕರಂತೂ ತುಂಬ ಒಳ್ಳೆಯದು. ಸೆಂಟ್ರಲ್ ಲೈನಿನವರಾದರೂ ಸರಿ, ವೆಸ್ಟರ್ನ್ ಲೈನಿನವರಾದರೂ ಸರಿ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಾಕು. ಆದರೆ ಬರುವವರು ಕನಿಷ್ಠ ಎರಡು ವರ್ಷ ಬರುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿ ಬರಬೇಕು. ಒಂಬತ್ತನೆಯಲ್ಲಿ ಸಿಕ್ಕ ಟೀಚರ್ ಪಾಲಿಟೆಕ್ನಿಕ್ಕಿನ ಮೊದಲ ಟೆಸ್ಟಿನ ಹೊತ್ತಿಗೂ ಇರಬೇಕು ಅಂತ ಮಕ್ಕಳೇ ಕೇಳಿದ್ದಾರೆ.